ಪರದೆಯ ಬೇಸ್‌ಬಾಲೂ ಅದರ ವಿಮರ್ಶಕರೂ

ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಡೆ ಮಾಯ್ನ್ ಎಂಬ ಪಟ್ಟಣವಿದೆ. ಅಲ್ಲಿನ ಡಬ್ಲ್ಯು. ಎಚ್. ಓ. ಬಾನುಲಿ ನಿಲಯದಲ್ಲಿ 1930ರ ದಶಕದಲ್ಲಿ ರೊನಾಲ್ಡ್ ರೇಗನ್ ಎಂಬ ತರುಣರು ಆಟಗಳ ವೀಕ್ಷಕ ವಿವರಣೆ ಹೇಳುವ ಕೆಲಸದಲ್ಲಿದ್ದರು. ಮುಂದೆ ಚಲನಚಿತ್ರ ನಟರಾಗಿ, 1981ರಿಂದ 1989ರವರೆಗೆ ಆ ದೇಶದ ಅಧ್ಯಕ್ಷರೂ ಆದವರು ಇವರೇ. ಷಿಕಾಗೋ ಕಬ್ಸ್ ತಂಡದ ಬೇಸ್‌ಬಾಲ್ ಪಂದ್ಯಗಳನ್ನು ರೇಗನ್ ತಮ್ಮ ಶ್ರೋತೃಗಳಿಗೆ ಚೆಂಡು ಚೆಂಡಾಗಿ ಬಣ್ಣಿಸುತ್ತಿದ್ದರು. ಆದರೆ ಅವರು ಕುಳಿತಿರುತ್ತಿದ್ದುದು ಷಿಕಾಗೋ ಮೈದಾನದಲ್ಲಲ್ಲ. ಅಲ್ಲಿಂದ ಮುನ್ನೂರು ಮೈಲಿಗೂ ಆಚೆ, ತಮ್ಮ ನಿಲಯದ ಕೋಣೆಯಲ್ಲಿ. ಮೈದಾನದಿಂದ ತಂತಿಯ ಮೂಲಕ ನಾಲ್ಕಾರು ಅಕ್ಷರಗಳ ಸಂಕೇತ ಬರುತ್ತಿತ್ತು. ಅದನ್ನು ಬರೆದ ಚೀಟಿ ಕೈಗೆ ಬಂದೊಡನೆ ಉಳಿದದ್ದನ್ನೆಲ್ಲ ಇವರು ಮಾತಿನಲ್ಲಿ ಕಟ್ಟಿಕೊಡಬೇಕು. ಇಂಥ ಪ್ರಸಾರಗಳಲ್ಲಿ ದಾಂಡಿಗೆ ಚೆಂಡು ತಗುಲಿದ ಸದ್ದನ್ನು ಮರದ ಮೇಲೆ ಮರ ಬಡಿದು ಹುಟ್ಟಿಸುವುದೂ ಉಂಟು.

ಒಮ್ಮೆ ತಂತಿ ಕೈಕೊಟ್ಟಿತಂತೆ. ಮುಂದೇನಾಯಿತೆಂದು ರೇಗನ್ನರಿಗೆ ಗೊತ್ತಿಲ್ಲ; ಸುಮ್ಮನಿದ್ದರೆ ಕೇಳುವವರು ಬೇರೆ ನಿಲಯಕ್ಕೆ ಮುಳ್ಳು ತಿರುಗಿಸಿಬಿಡುತ್ತಾರೆ. ದಾಂಡಿಗ ಬಂದ ಬಂದ ಚೆಂಡನ್ನೆಲ್ಲ ಗೆರೆಯ ಆಚೆಗೆ ಹೊಡೆಯುತ್ತಿದ್ದಾನೆ ಎಂದು ಅವರು ಹಲವು ನಿಮಿಷ ಹೇಳುತ್ತಲೇ ಹೋದರು. ಗೆರೆಯಾಚೆ ಹೋದ ಹೊಡೆತ ಮರುದಿನದ ಪತ್ರಿಕೆಯ ಅಂಕಿಪಟ್ಟಿಯಲ್ಲಿ ಸೇರುವುದಿಲ್ಲವಾದ್ದರಿಂದ ಸಿಕ್ಕಿಬೀಳುವ ಭಯವೂ ಇರಲಿಲ್ಲ. ಕೊನೆಗೆ ತಂತಿ ಸರಿಹೋಗಿ ಬಂದ ಸುದ್ದಿ ಏನು? ಆ ದಾಂಡಿಗ ಮೊದಲನೆಯ ಚೆಂಡಿಗೇ ಔಟಾಗಿದ್ದ! ಈ ಕಥೆಯನ್ನು ರೇಗನ್ನರು ತಾವೇ ಎಷ್ಟೋ ಸಲ ಹೇಳಿ ನಗಿಸಿದ್ದಾರೆ.

ಕಣ್ಣಮುಂದೆ ಇಲ್ಲದ ಆಟವನ್ನು ಇದ್ದಂತೆ ಮಾಡಿ ತೋರಿಸುವ ಈ ಕಸುಬು ಬಾನುಲಿಯಿಂದ ವೀಡಿಯೊ ಆಟಕ್ಕೆ ದಾಟಿಬಂದಿದೆ. ಅದರೊಡನೆ ಹಳೆಯ ಪ್ರಶ್ನೆಯೂ ದಾಟಿಬಂದಿದೆ: ಹಾಗೆ ಮಾಡಿ ತೋರಿಸಿದ ಆಟದಲ್ಲಿ ನಿಜವೆನ್ನಬೇಕಾದದ್ದು ಯಾವುದು? ಅಮೆರಿಕದ ವಿಮರ್ಶಕರು ಒಂದು ಬೇಸ್‌ಬಾಲ್ ಆಟವನ್ನು ಹೇಗೆ ಬರಮಾಡಿಕೊಂಡರು, ಅವರು ಅಷ್ಟು ಮೆಚ್ಚಿದ ಆಟಕ್ಕೆ ಕೊನೆಗೆ ಏನಾಯಿತು ಎಂಬುದನ್ನು ನೋಡಿದರೆ ಈ ಪ್ರಶ್ನೆಯ ಎರಡು ಮುಖಗಳು ಚೆನ್ನಾಗಿ ಕಾಣುತ್ತವೆ.

ಆಟದ ಹೆಸರು 'ಎಂ. ವಿ. ಪಿ. ಬೇಸ್‌ಬಾಲ್ 2005'. ಕೆನಡಾ ದೇಶದಲ್ಲಿ, ವ್ಯಾಂಕೂವರ್ ನಗರದ ಪಕ್ಕದ ಬರ್ನಬಿ ಎಂಬಲ್ಲಿ, ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಸಂಸ್ಥೆಯ ಕಾರ್ಯಾಗಾರದಲ್ಲಿ ಇದು ತಯಾರಾಯಿತು. 2003ರಲ್ಲಿ ಪ್ರಾರಂಭವಾದ ಮಾಲೆಯ ಮೂರನೆಯ ಆಟ. 2005ರ ಫೆಬ್ರವರಿಯಲ್ಲಿ ಅಂಗಡಿಗೆ ಬಂದಿತು. ಟೆಲಿವಿಷನ್ನಿಗೆ ಜೋಡಿಸುವ ಆಟದ ಯಂತ್ರಗಳಲ್ಲೂ ಮನೆಯ ಕಂಪ್ಯೂಟರಿನಲ್ಲೂ ಆಡಬಹುದಾಗಿತ್ತು.

ಮುಂದೆ ಹೋಗುವ ಮೊದಲು ಬೇಸ್‌ಬಾಲ್ ಎಂದರೇನೆಂದು ಎರಡು ಮಾತು ಹೇಳಬೇಕು. ನಮಗೆ ಕ್ರಿಕೆಟ್ ಗೊತ್ತಿರುವುದರಿಂದ ಇದು ಕಷ್ಟವಲ್ಲ. ಆದರೆ ಕ್ರಿಕೆಟ್ ಗೊತ್ತಿರುವುದರಿಂದಲೇ ಕೆಲವೊಮ್ಮೆ ತಪ್ಪು ತಿಳಿಯುವುದೂ ಉಂಟು. ಇಲ್ಲಿ ಚೆಂಡು ನೆಲಕ್ಕೆ ಬಡಿದು ಏಳುವುದಿಲ್ಲ. ಎಸೆಗಾರ ಅರವತ್ತು ಅಡಿ ಆರಂಗುಲ ದೂರದಿಂದ ನೇರವಾಗಿ ಗಾಳಿಯಲ್ಲಿ ಎಸೆಯುತ್ತಾನೆ. ಗಂಟೆಗೆ 95 ಮೈಲಿಯ ವೇಗದ ಎಸೆತ ದಾಂಡಿಗನನ್ನು ತಲುಪಲು ಸುಮಾರು ಅರ್ಧ ಸೆಕೆಂಡೂ ಬೇಕಿಲ್ಲ. ಅಷ್ಟರಲ್ಲಿ ಅದು ನೇರ ಬರುವುದೋ, ತಿರುಗುವುದೋ, ಕೊನೆಯಲ್ಲಿ ಕುಸಿಯುವುದೋ ಗುರುತಿಸಿ ದಾಂಡು ಬೀಸಬೇಕು. ದಾಂಡಿಗನ ಮುಂದೆ ಮೊಳಕಾಲಿನಿಂದ ಎದೆಯವರೆಗೆ ಕಾಣದ ಚೌಕವೊಂದಿದೆ. ಚೆಂಡು ಅದರೊಳಗೆ ಬಂದರೂ ಹೊಡೆಯದಿದ್ದರೆ, ಇಲ್ಲವೇ ಬೀಸಿ ತಪ್ಪಿದರೆ, ಒಂದು ಸ್ಟ್ರೈಕ್. ಮೂರು ಸ್ಟ್ರೈಕಿಗೆ ಔಟು. ಹೊರಗೆ ಹೋದ ಚೆಂಡನ್ನು ಅವನು ಸುಮ್ಮನೆ ಬಿಟ್ಟರೆ ಎಸೆಗಾರನ ಲೆಕ್ಕಕ್ಕೆ ಒಂದು ತಪ್ಪು. ಅಂಥ ನಾಲ್ಕಾದರೆ ದಾಂಡಿಗ ಹೊಡೆಯದೆಯೇ ಮೊದಲ ನೆಲೆಗೆ ನಡೆದು ಹೋಗಬಹುದು. ಇದನ್ನು 'ವಾಕ್' ಎನ್ನುತ್ತಾರೆ. ಆದ್ದರಿಂದ ಈ ಆಟದ ಸಾರವಿರುವುದು ಹೊಡೆಯುವುದರಲ್ಲಿ ಎಷ್ಟೋ, ಹೊಡೆಯದೆ ಬಿಡುವುದರಲ್ಲಿಯೂ ಅಷ್ಟೇ.

ವೀಡಿಯೊ ಆಟ ಮಾಡುವವನ ಸಂಕಟ ಇಲ್ಲಿಂದಲೇ ಪ್ರಾರಂಭ. ಹಣ ಕೊಟ್ಟು ಕೊಂಡವನು ಗುಂಡಿ ಒತ್ತಿ ಹೊಡೆಯಲು ಕುಳಿತಿರುತ್ತಾನೆ, ಬಿಡಲು ಅಲ್ಲ. ಎಲ್ಲ ಚೆಂಡಿಗೂ ಬೀಸುವವನಿಗೆ ವಾಕ್ ಎಲ್ಲಿಂದ ಬರಬೇಕು? ಹಿಂದಿನ ಎಷ್ಟೋ ಆಟಗಳಲ್ಲಿ ನಿಜವಾದ ಬೇಸ್‌ಬಾಲಿನ ಈ ತಾಳ್ಮೆಗೆ ಜಾಗವಿರಲಿಲ್ಲ. ಆಕಾಶಕ್ಕೆ ಹಾರುವ ಹೊಡೆತಗಳ ಸುಗ್ಗಿ ಮಾತ್ರ. ಎಂ. ವಿ. ಪಿ. ಮಾಲೆಗೆ ಮೊದಲು ಇದೇ ಸಂಸ್ಥೆ ತರುತ್ತಿದ್ದ 'ಟ್ರಿಪಲ್ ಪ್ಲೇ' ಮಾಲೆಯ ಮೇಲೆಯೂ ಬೇಸ್‌ಬಾಲ್ ಬಲ್ಲವರ ದೂರು ಇದೇ ಆಗಿತ್ತು.

2005ರ ಆಟ ಇದಕ್ಕೆ ಹುಡುಕಿದ ಉಪಾಯ ಸ್ವಾರಸ್ಯವಾಗಿದೆ. ಎಸೆಗಾರನ ಕೈಯಿಂದ ಚೆಂಡು ಬಿಡುಗಡೆಯಾಗುವ ಒಂದು ಕ್ಷಣ ಮಾತ್ರ ಆ ಚೆಂಡಿಗೆ ಬಣ್ಣ ಬರುತ್ತದೆ. ವೇಗದ ಎಸೆತಕ್ಕೆ ಒಂದು ಬಣ್ಣ, ತಿರುಗುವುದಕ್ಕೆ ಒಂದು, ನಿಧಾನವಾಗಿ ಬಂದು ಮೋಸ ಮಾಡುವುದಕ್ಕೆ ಇನ್ನೊಂದು. ಕಣ್ಣಿಟ್ಟು ನೋಡುವವನಿಗೆ ಗೊತ್ತಾಗುತ್ತದೆ. ಬರೀ ಗುಂಡಿ ಒತ್ತುವವನಿಗೆ ಇಲ್ಲ. ಇದಕ್ಕೆ 'ದಾಂಡಿಗನ ಕಣ್ಣು' ಎಂಬ ಅರ್ಥದ ಹೆಸರಿಟ್ಟರು. ಬೇಸ್‌ಬಾಲ್ ಚೆಂಡು ಬಿಳಿಯದು. ಬಣ್ಣಬಣ್ಣವಾಗಿ ಮಿನುಗುವ ಚೆಂಡನ್ನು ಯಾವ ಮೈದಾನದಲ್ಲೂ ಯಾರೂ ಎಸೆದಿಲ್ಲ. ಹಾಗಾದರೆ ಇದು ಅಸಹಜವಲ್ಲವೇ ಎಂದು ಕೇಳಬಹುದು. ಮೇಲ್ನೋಟಕ್ಕೆ ಹೌದು. ಆದರೆ ನಿಜವಾದ ದಾಂಡಿಗರನ್ನು ಕೇಳಿ ನೋಡಿ: ಪಕ್ಕಕ್ಕೆ ಜಾರುವ ಸ್ಲೈಡರ್ ಎಂಬ ಎಸೆತ ಬರುವಾಗ, ಚೆಂಡಿನ ಕೆಂಪು ಹೊಲಿಗೆ ಸುತ್ತಿ ಸುತ್ತಿ ನಡುವೆ ಒಂದು ಕೆಂಪು ಚುಕ್ಕೆಯಂತೆ ಕಾಣುತ್ತದೆಂದೂ, ಅದನ್ನು ಕಂಡೇ ತಾವು ಎಚ್ಚರಗೊಳ್ಳುತ್ತೇವೆಂದೂ ಅವರು ಹೇಳುತ್ತಾರೆ. 2005ರ ಟೆಲಿವಿಷನ್ ಪರದೆಯ ಮೇಲೆ ಆ ಸೂಕ್ಷ್ಮವನ್ನು ತೋರಿಸುವುದು ಆಗದ ಮಾತು. ಆದ್ದರಿಂದ ಇಲ್ಲದ ಬಣ್ಣವನ್ನು ಹಚ್ಚಿ, ಇರುವ ವಿದ್ಯೆಯೊಂದನ್ನು ಆಡುವವನಿಗೆ ಕಲಿಸಿದರು. ಬಾನುಲಿಯಲ್ಲಿ ಮರಕ್ಕೆ ಮರ ಬಡಿದು ದಾಂಡಿನ ಸದ್ದನ್ನು ಕೇಳಿಸಿದ ಹಾಗೆ.

ಎಸೆಯುವುದಕ್ಕೂ ಇದೇ ಬಗೆಯ ಏರ್ಪಾಡಿತ್ತು. ಪರದೆಯ ಮೇಲೆ ಒಂದು ಅಳತೆಪಟ್ಟಿ. ಗುಂಡಿ ಒತ್ತಿ ಹಿಡಿದರೆ ಅದರ ಮೇಲೆ ಗುರುತು ಏರುತ್ತದೆ. ಸರಿಯಾದ ಜಾಗದಲ್ಲಿ ಬಿಟ್ಟರೆ ಎಸೆತಕ್ಕೆ ಬಲ. ಗುರುತು ಹಿಂದಿರುಗಿ ಬರುವಾಗ ಕಿರಿದಾದ ಹಸಿರು ಪಟ್ಟಿಯಲ್ಲಿ ಮತ್ತೆ ಒತ್ತಿದರೆ ಗುರಿ. ತಪ್ಪಿದರೆ ಚೆಂಡು ಎಲ್ಲೋ ಹೋಗುತ್ತದೆ. ತೀರ ಕೆಟ್ಟದಾಗಿ ತಪ್ಪಿದರೆ ಬಾಳೆಲೆಯ ಮೇಲೆ ಬಡಿಸಿಟ್ಟ ಹಾಗೆ ದಾಂಡಿಗನ ಮುಂದೆಯೇ ಬಂದು ನಿಲ್ಲುತ್ತದೆ. ಎಸೆಗಾರ ದಣಿದಂತೆಲ್ಲ ಕೆಲಸ ಕಠಿಣವಾಗುತ್ತದೆ. ಏಳನೆಯ ಸರದಿಯ ಹೊತ್ತಿಗೆ ಆಡುವವನ ಹೆಬ್ಬೆರಳಿಗೂ ಆ ಎಸೆಗಾರನ ತೋಳಿಗೂ ಒಂದು ಬಗೆಯ ನಂಟು ಹುಟ್ಟಿರುತ್ತದೆ. ತೀರ್ಪು ಸರಿಯೆನಿಸದಿದ್ದರೆ ವ್ಯವಸ್ಥಾಪಕನನ್ನು ಅಂಪೈರಿನ ಬಳಿಗೆ ಜಗಳಕ್ಕೆ ಕಳುಹಿಸಬಹುದಿತ್ತು. ಮಾತು ಮಿತಿಮೀರಿದರೆ ಅಂಪೈರು ಅವನನ್ನು ಮೈದಾನದಿಂದ ಅಟ್ಟಿಬಿಡುತ್ತಿದ್ದ. ಅಮೆರಿಕನ್ನರು ಇದನ್ನು ಕಂಡು ತಮ್ಮ ಮನೆಯ ಜಗಳ ಕಂಡಷ್ಟೇ ಸಂತೋಷಪಟ್ಟಿರಬೇಕು.

ವಿಮರ್ಶಕರು ಆಟವನ್ನು ಮುಕ್ತವಾಗಿ ಹೊಗಳಿದರು. ಹಲವು ಪತ್ರಿಕೆಗಳ ವಿಮರ್ಶೆಗಳನ್ನು ಒಟ್ಟುಮಾಡಿ ಸರಾಸರಿ ಕಟ್ಟುವ ಮೆಟಾಕ್ರಿಟಿಕ್ ಎಂಬ ಏರ್ಪಾಡು ಅಲ್ಲಿ 2001ರಿಂದ ಇದೆ. ಅದರಲ್ಲಿ ದೊಡ್ಡ ಯಂತ್ರಗಳ ಆವೃತ್ತಿಗಳು ನೂರಕ್ಕೆ ಎಂಬತ್ತನ್ನು ಚೆನ್ನಾಗಿಯೇ ದಾಟಿದವು. ಎಸೆತ, ಹೊಡೆತ, ಚೆಂಡು ಹಿಡಿಯುವುದು ಎಲ್ಲವೂ ಒಂದಕ್ಕೊಂದು ಹೊಂದಿ ಬಂದಿವೆ ಎಂಬುದು ಹೊಗಳಿಕೆಯ ಸಾರ. ಸಾನ್ ಫ್ರಾನ್ಸಿಸ್ಕೋ ಜಯಂಟ್ಸ್ ತಂಡದ ವೀಕ್ಷಕ ವಿವರಣೆಗಾರರಾದ ಡುವೇನ್ ಕೈಪರ್ ಮತ್ತು ಮೈಕ್ ಕ್ರೂಕೋ ಇಬ್ಬರ ಧ್ವನಿಯನ್ನು ಆಟದಲ್ಲಿ ಸೇರಿಸಿದ್ದುದೂ ಮೆಚ್ಚುಗೆ ಪಡೆಯಿತು. ಮೇಲ್ನೋಟಕ್ಕೆ ಹಿಂದಿನ ವರ್ಷದ ಆಟಕ್ಕಿಂತ ಹೆಚ್ಚಿನ ಬದಲಾವಣೆಯಿಲ್ಲವೆಂದು ಗೊಣಗಿದವರೂ ಇದ್ದರು. ವರ್ಷಕ್ಕೊಂದರಂತೆ ಬರುವ ಆಟಗಳಿಗೆಲ್ಲ ಈ ಗೊಣಗು ತಪ್ಪಿದ್ದಲ್ಲ.

ಇಲ್ಲಿ ವಿಮರ್ಶಕರ ಕಷ್ಟವನ್ನೂ ಹೇಳಬೇಕು. ಅಮೆರಿಕದ ಮೇಜರ್ ಲೀಗಿನಲ್ಲಿ ಮೂವತ್ತು ತಂಡಗಳು. ಒಂದೊಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯಗಳು. ಬೇಸ್‌ಬಾಲಿನ ನಿಜ ತಿಳಿಯುವುದು ಆ ಇಡೀ ಋತುವಿನ ಅಂಕಿಗಳಲ್ಲಿ. ಸೋತ ತಂಡವೂ ಯಾವುದೋ ಒಂದು ಮಧ್ಯಾಹ್ನ ಗೆದ್ದುಬಿಡುತ್ತದೆ, ಋತುವಿಡೀ ಗೆಲ್ಲಲಾರದು. ಆದರೆ ವಿಮರ್ಶೆ ಅಚ್ಚಾಗಬೇಕಾದದ್ದು ಆಟ ಅಂಗಡಿಗೆ ಬರುವ ವಾರದಲ್ಲಿ. ಅಷ್ಟರೊಳಗೆ 162 ಪಂದ್ಯಗಳನ್ನು ಆಡಿ ಮುಗಿಸುವುದು ಯಾವ ವಿಮರ್ಶಕನಿಗೂ ಸಾಧ್ಯವಿಲ್ಲ. ಆದ್ದರಿಂದ ಅವನು ಹೇಳುವುದೆಲ್ಲ ಕೈಗೆ ತಗುಲಿದ ಸುಖ, ಕಣ್ಣಿಗೆ ಬಿದ್ದ ಚೆಂದ. ಋತುವಿನ ಕೊನೆಯಲ್ಲಿ ವಾಕ್‌ಗಳು ಎಷ್ಟಾದವು, ಹೊಡೆತಗಳ ಲೆಕ್ಕ ನಿಜವಾದ ಆಟಕ್ಕೆ ಹೊಂದುವುದೇ ಎಂದು ತಾಳೆ ನೋಡುವವರು ಕೊಂಡು ಆಡಿದ ಭಕ್ತರು. ಅವರ ತೀರ್ಪು ಹೊರಬೀಳುವ ಹೊತ್ತಿಗೆ ಪತ್ರಿಕೆಗಳು ಬೇರೆ ಆಟಕ್ಕೆ ಹೊರಳಿರುತ್ತವೆ. ಆಗ ಚಿತ್ರಕ್ಕಿಂತ ಹೆಚ್ಚಾಗಿ ಹೆಸರು ಮತ್ತು ಅಂಕಿಗಳಿಂದ ಕೂಡಿದ್ದ 'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್' ಎಂಬ ಇನ್ನೊಂದು ಆಟವಿದೆ. ಅದನ್ನು ಕಟ್ಟಿದವರು ಬೇಸ್‌ಬಾಲಿನ ಹುಚ್ಚೇ ಇಲ್ಲದ ಜರ್ಮನಿಯ ಮಾರ್ಕಸ್ ಹೈನ್ಸೋನ್. ಇಲ್ಲಿ ಆಡುವವನು ಚೆಂಡು ಎಸೆಯುವುದೂ ಇಲ್ಲ, ಹೊಡೆಯುವುದೂ ಇಲ್ಲ. ತಂಡವನ್ನು ನಡೆಸುತ್ತಾನೆ, ಅಷ್ಟೆ. ಅದರ 2007ರ ಆವೃತ್ತಿಗೆ ಮೆಟಾಕ್ರಿಟಿಕ್ ಸರಾಸರಿ 96! ಕೆಲವೇ ವಿಮರ್ಶೆಗಳ ಸರಾಸರಿ ಎಂಬುದು ನಿಜ. ಆದರೂ ಕಣ್ಣಿಗೆ ಏನನ್ನೂ ತೋರಿಸದೆ ಅಷ್ಟು ನಿಜವೆನ್ನಿಸಿಕೊಳ್ಳುವುದು ಸಾಮಾನ್ಯವಲ್ಲ.

ಇದಿಷ್ಟೂ ನಿಜದ ಒಂದು ಮುಖ. ದುಡಿದು, ಯೋಚಿಸಿ, ತಿದ್ದಿ ಗಳಿಸಬೇಕಾದದ್ದು. ಇನ್ನೊಂದು ಮುಖವನ್ನು ನೋಡಬೇಕಾದರೆ ಜಾನ್ ಡೌಡ್ ಎಂಬವನ ಪರಿಚಯ ಮಾಡಿಕೊಳ್ಳಬೇಕು.

2004ರಲ್ಲಿ ಅಮೆರಿಕದ ಬೇಸ್‌ಬಾಲಿನಲ್ಲಿ ಎಲ್ಲರೂ ಹೆದರುತ್ತಿದ್ದ ದಾಂಡಿಗ ಸಾನ್ ಫ್ರಾನ್ಸಿಸ್ಕೋ ತಂಡದ ಬ್ಯಾರಿ ಬಾಂಡ್ಸ್. ಆ ಒಂದು ವರ್ಷದಲ್ಲಿ ಅವರಿಗೆ ಸಿಕ್ಕ ವಾಕ್‌ಗಳು 232. ಅವುಗಳಲ್ಲಿ 120, ಈತನಿಗೆ ಹೊಡೆಯಲು ಚೆಂಡು ಕೊಡುವುದೇ ಬೇಡವೆಂದು ಎದುರಾಳಿಗಳು ಬೇಕೆಂದೇ ಕೊಟ್ಟವು. ಇಂಥವರು 2005ರ ಆಟದಲ್ಲಿ ಇಲ್ಲ. ಅವರ ಜಾಗದಲ್ಲಿ, ಅವರದೇ ತಂಡದ ಉಡುಪು ತೊಟ್ಟು, ಅವರಿಗೆ ಸಮನಾದ ಬಲದಿಂದ ಹೊಡೆಯುವ ಜಾನ್ ಡೌಡ್ ಎಂಬ ಬಿಳಿಯನೊಬ್ಬನಿದ್ದಾನೆ. ಬಾಂಡ್ಸ್ ಕಪ್ಪು ಜನಾಂಗದವರು. ಡೌಡ್ ಎಂಬ ಆಟಗಾರ ಯಾವ ಮೈದಾನದಲ್ಲೂ ಇರಲಿಲ್ಲ.

ಕಾರಣವಿಷ್ಟೆ. ತಂಡಗಳ ಹೆಸರು, ಉಡುಪು, ಮೈದಾನ ಇವನ್ನು ಬಳಸಲು ಲೀಗಿನಿಂದ ಪರವಾನಗಿ ಕೊಳ್ಳಬೇಕು. ಆಟಗಾರರ ಹೆಸರು ಮತ್ತು ಮುಖಕ್ಕೆ ಆಟಗಾರರ ಸಂಘದಿಂದ. ಸಂಘವು ಎಲ್ಲರ ಪರವಾಗಿ ಒಟ್ಟಾಗಿ ಕರಾರು ಮಾಡಿ ಹಣವನ್ನು ಹಂಚುತ್ತದೆ. ತಮ್ಮ ಹೆಸರಿನ ವ್ಯಾಪಾರವನ್ನು ತಾವೇ ನೋಡಿಕೊಳ್ಳುತ್ತೇನೆಂದು ಬಾಂಡ್ಸ್ 2003ರಲ್ಲಿ ಆ ಕರಾರಿನಿಂದ ಹೊರಬಂದರು. ಇದೇ ಆಟದಲ್ಲಿ ಬಾಸ್ಟನ್ ತಂಡದ ಕೆವಿನ್ ಮಿಲಾರರೂ ಬೇರೆ ಹೆಸರಿನಲ್ಲಿ ಇದ್ದರು. 1995ರಲ್ಲಿ ಆಟಗಾರರು ಮುಷ್ಕರ ಹೂಡಿದ್ದಾಗ ಮಾಲೀಕರು ಬದಲಿ ಆಟಗಾರರನ್ನು ಕರೆಸಿದರು. ಹಾಗೆ ಹೋದವರಿಗೆ ಸಂಘ ಆಮೇಲೆ ಸದಸ್ಯತ್ವ ಕೊಡಲಿಲ್ಲ. ಮಿಲಾರ್ ಅವರಲ್ಲೊಬ್ಬರು. ತಮಾಷೆಯೆಂದರೆ, ಬಾಸ್ಟನ್ ತಂಡ 2004ರಲ್ಲಿ, 86 ವರ್ಷಗಳ ಬಳಿಕ, ವರ್ಲ್ಡ್ ಸೀರೀಸ್ ಗೆದ್ದಿತ್ತು. ಅದರ ವೀರ ಮ್ಯಾನಿ ರಮಿರೇಜರ ಚಿತ್ರ ಆಟದ ಡಬ್ಬಿಯ ಮೇಲೆಯೇ ಇತ್ತು. ಒಳಗೆ ಅವರ ಜೊತೆಗಾರ ಮಿಲಾರರು ಮಾತ್ರ ಹತ್ತು ವರ್ಷದ ಹಿಂದಿನ ಮುಷ್ಕರದ ಫಲವಾಗಿ ಹೆಸರು ಕಳೆದುಕೊಂಡು ಆಡುತ್ತಿದ್ದರು. ನನ್ನ ಮಟ್ಟಿಗೆ ಆಟದ ಅತ್ಯಂತ ವಾಸ್ತವವಾದ ಅಂಶ ಇದೇ. ಮೈದಾನದ ಹುಲ್ಲನ್ನು ಯಾರಾದರೂ ಬಿಡಿಸಿ ತೋರಿಸಬಹುದು. ಕಾರ್ಮಿಕ ಸಂಘದ ಹಳೆಯ ಸಿಟ್ಟನ್ನು ತೋರಿಸಿದ್ದು, ಮಾಡಿದವರಿಗೇ ಬೇಕಿಲ್ಲದೆ ಆದ ಚಿತ್ರಣ.

ಅದೇ ಪರವಾನಗಿ ಈ ಆಟದ ಆಯುಸ್ಸನ್ನೂ ತೀರಿಸಿತು. 2004ರ ಡಿಸೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಪರವಾನಗಿಯನ್ನು ತಾನೊಬ್ಬನೇ ಬಳಸುವಂತೆ ಕೊಂಡುಕೊಂಡಿತು. ಇದರಿಂದ ಪೆಟ್ಟು ತಿಂದದ್ದು ಪ್ರತಿಸ್ಪರ್ಧಿಯಾದ ಟೇಕ್-ಟೂ ಸಂಸ್ಥೆ. ಮರುತಿಂಗಳೇ, 2005ರ ಜನವರಿಯಲ್ಲಿ, ಅದು ಬೇಸ್‌ಬಾಲಿನ ಬಾಗಿಲನ್ನು ಮುಚ್ಚಿತು. 2006ರಿಂದ 2012ರವರೆಗೆ, ಆಟದ ಯಂತ್ರಗಳನ್ನು ತಾವೇ ತಯಾರಿಸುವ ಸೋನಿಯಂಥ ಕಂಪೆನಿಗಳನ್ನು ಬಿಟ್ಟು, ಬೇರಾವ ಪ್ರಕಾಶಕರೂ ಮೇಜರ್ ಲೀಗಿನ ಹೆಸರಿನಲ್ಲಿ ಆಟ ತರುವಂತಿಲ್ಲ. ಹೀಗಾಗಿ ಫೆಬ್ರವರಿಯಲ್ಲಿ ವಿಮರ್ಶಕರು ಎಂ. ವಿ. ಪಿ. 2005ನ್ನು ಹೊಗಳಿ ಬರೆಯುವಾಗಲೇ ಅದಕ್ಕೆ ಮುಂದಿನ ವರ್ಷವಿಲ್ಲವೆಂಬುದು ಗೊತ್ತಾಗಿತ್ತು. ಅವರ ಸಲಹೆಗಳನ್ನು ಕೇಳಿ ತಿದ್ದಿಕೊಳ್ಳಲು ಮುಂದಿನ ಆಟವೇ ಇರಲಿಲ್ಲ.

ಸಂಸ್ಥೆ ಎರಡು ವರ್ಷ ಕಾಲೇಜು ಬೇಸ್‌ಬಾಲಿನ ಆಶ್ರಯ ಪಡೆಯಿತು. ಅಲ್ಲಿ ಕಾಲೇಜಿನ ಹೆಸರು ಬಳಸಬಹುದು. ವಿದ್ಯಾರ್ಥಿಗಳು ಹಣಕ್ಕಾಗಿ ಆಡುವವರಲ್ಲವೆಂಬ ಅಂದಿನ ನಿಯಮದಿಂದ ಅವರ ಹೆಸರು ಬಳಸುವಂತಿಲ್ಲ. ಇಡೀ ತಂಡವೇ ಜಾನ್ ಡೌಡರ ತಂಡವಾಯಿತು. ಬಳಿಕ ಆ ಮಾಲೆ ನಿಂತೇಹೋಯಿತು.

ಪರವಾನಗಿ ಗೆದ್ದ ಟೇಕ್-ಟೂ ಸಂಸ್ಥೆಯ '2ಕೆ' ಮಾಲೆಯ ಆಟಗಳು ನಿಜವಾದ ಹೆಸರುಗಳನ್ನು ಹೊತ್ತು ಬಂದವು; ಅವುಗಳಲ್ಲಿ ಹಲವು ವಿಮರ್ಶಕರಿಂದ ಸಾಧಾರಣವೆನ್ನಿಸಿಕೊಳ್ಳುವುದರಲ್ಲೇ ತೃಪ್ತಿಪಟ್ಟವು. 2010ರ ಆಟಕ್ಕೆ ಪ್ರಚಾರ ಮಾಡಲು ಅವರು ಹತ್ತು ಲಕ್ಷ ಡಾಲರಿನ ಬಹುಮಾನ ಘೋಷಿಸಿದರು. 'ಪರ್ಫೆಕ್ಟ್ ಗೇಮ್' ಎಸೆದ ಮೊದಲಿಗನಿಗೆ ಹಣ. ಪರ್ಫೆಕ್ಟ್ ಗೇಮ್ ಎಂದರೆ 27 ದಾಂಡಿಗರು ಬಂದು, ಒಬ್ಬನೂ ಮೊದಲ ನೆಲೆ ಮುಟ್ಟದೆ, 27 ಜನವೂ ಔಟಾಗುವುದು. ನಿಜವಾದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ 1880ರಿಂದ 2009ರವರೆಗೆ ಅದು ನಡೆದದ್ದು ಹದಿನೆಂಟು ಸಲ. ಪರದೆಯ ಮೇಲೆ, ಆಟ ಮಾರಾಟಕ್ಕೆ ಬಂದ ಮೊದಲ ದಿನವೇ ಒಬ್ಬ ಯುವಕ ಸಾಧಿಸಿಬಿಟ್ಟ! ಮನೆಮನೆಯಲ್ಲೂ ಏಕಕಾಲಕ್ಕೆ ಪ್ರಯತ್ನ ನಡೆಯುತ್ತಿರುವಾಗ ಅದಕ್ಕೆ ಆಶ್ಚರ್ಯಪಡಬೇಕಾಗಿಲ್ಲವೆನ್ನಿ. ಆದರೆ ಅದೇ ವರ್ಷ ಜೂನ್ 2ರಂದು ಡೆಟ್ರಾಯಿಟ್ ಮೈದಾನದಲ್ಲಿ ಅರ್ಮಾಂಡೋ ಗಲರಾಗಾ ಎಂಬ ಎಸೆಗಾರ 26 ಮಂದಿಯನ್ನು ಔಟು ಮಾಡಿ, 27ನೆಯವನನ್ನೂ ಮಾಡಿದಾಗ, ಅಂಪೈರ್ ಜಿಮ್ ಜಾಯ್ಸ್ ಔಟಿಲ್ಲವೆಂದು ತೋಳು ಚಾಚಿದರು. ಚಿತ್ರ ನೋಡಿದವರಿಗೆಲ್ಲ ತಪ್ಪು ಸ್ಪಷ್ಟವಿತ್ತು. ಪಂದ್ಯದ ಬಳಿಕ ಜಾಯ್ಸರೂ ತಮ್ಮ ತಪ್ಪನ್ನು ಒಪ್ಪಿ ಎಸೆಗಾರನ ಕ್ಷಮೆ ಕೇಳಿದರು. ತೀರ್ಪು ಮಾತ್ರ ಬದಲಾಗಲಿಲ್ಲ. ಇಂಥದ್ದನ್ನು ಯಾವ ಆಟದಲ್ಲಿ ಸೇರಿಸಿದರೂ ಕೊಂಡವನು ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಿಯಾನು.

ಸೋನಿ ಸಂಸ್ಥೆ 2006ರಲ್ಲಿ ಪ್ರಾರಂಭಿಸಿದ 'ದಿ ಷೋ' ಮಾಲೆ ಕ್ರಮೇಣ ಮೇಲೆ ಬಂದು ವಿಮರ್ಶಕರ ಮನ್ನಣೆ ಗಳಿಸಿತು. ಅದರಲ್ಲಿ ಅಂಪೈರುಗಳಿಗೆ ಒಬ್ಬೊಬ್ಬರದು ಒಂದೊಂದು ಬಗೆಯ ಚೌಕವೆನ್ನುವಂತೆ ಏರ್ಪಾಡು ಮಾಡಿಕೊಳ್ಳಬಹುದು. ಆದರೆ 2021ರವರೆಗೂ ಸೋನಿಯ ಯಂತ್ರವನ್ನು ಕೊಂಡವರಿಗೆ ಮಾತ್ರ ಆ ಭಾಗ್ಯ. 2014ರಲ್ಲಿ ಕೆನಡಾದ ಒಂದು ಪುಟ್ಟ ಸಂಸ್ಥೆ 'ಸೂಪರ್ ಮೆಗಾ ಬೇಸ್‌ಬಾಲ್' ಎಂಬ ಆಟ ತಂದಿತು. ವ್ಯಂಗ್ಯಚಿತ್ರದಂಥ ದಪ್ಪ ತಲೆಯ ಆಟಗಾರರು, ಎಲ್ಲವೂ ಕಟ್ಟಿದ ಹೆಸರುಗಳು, ಒಂದು ಪರವಾನಗಿಯೂ ಇಲ್ಲ. ಮಕ್ಕಳಾಟವೆಂದುಕೊಂಡು ಕುಳಿತ ವಿಮರ್ಶಕರು ಇದರಲ್ಲಿ ಎಸೆಗಾರನಿಗೂ ದಾಂಡಿಗನಿಗೂ ನಡೆಯುವ ಕಾದಾಟ ಅಪ್ಪಟ ಬೇಸ್‌ಬಾಲಿನದೆಂದು ಬೆರಗಾಗಿ ಬರೆದರು. 2021ರಲ್ಲಿ ಆ ಸಂಸ್ಥೆಯನ್ನೇ ಕೊಂಡವರು ಯಾರೆಂದರೆ, ಹದಿನಾರು ವರ್ಷದ ಹಿಂದೆ ಬೇಸ್‌ಬಾಲಿನಿಂದ ಹೊರದೂಡಲ್ಪಟ್ಟ ಎಲೆಕ್ಟ್ರಾನಿಕ್ ಆರ್ಟ್ಸ್.

2005ರ ಆಟವನ್ನು ಕಂಪ್ಯೂಟರಿನಲ್ಲಿ ಆಡುತ್ತಿದ್ದ ಅಭಿಮಾನಿಗಳು ಅಷ್ಟು ದಿನ ಕಾದು ಕುಳಿತಿರಲಿಲ್ಲ. ವರ್ಷ ವರ್ಷವೂ ಹೊಸ ಆಟಗಾರರ ಪಟ್ಟಿ, ಹೊಸ ಉಡುಪು, ಹೊಸ ಮೈದಾನಗಳನ್ನು ತಾವೇ ತಯಾರಿಸಿ ಅದರೊಳಗೆ ಸೇರಿಸುತ್ತ ಹೋದರು. ಹಳೆಯ ಕಾಲದ ಋತುಗಳನ್ನು, ಆ ಕಾಲದ ತಂಡಗಳನ್ನು ಪುನಃ ಕಟ್ಟಿದವರೂ ಉಂಟು. ಒಂದು ಕಾಸಿನ ಲಾಭವಿಲ್ಲದೆ ಹತ್ತು ವರ್ಷಕ್ಕೂ ಮೀರಿ ಈ ಕೆಲಸ ನಡೆಯಿತು. ಜಾನ್ ಡೌಡನ ಹೆಸರನ್ನು ಅಳಿಸಿ ಬ್ಯಾರಿ ಬಾಂಡ್ಸ್ ಎಂದು ಬರೆದುಕೊಂಡವರು ಅನೇಕರು. ನಿಜವಾದ ಬಾಂಡ್ಸ್ 2007ರಲ್ಲಿ ತಮ್ಮ 762ನೆಯ ಹೋಂ ರನ್ ಹೊಡೆದು, ಆ ಋತುವಿನೊಡನೆ ಆಟ ಮುಗಿಸಿದರು. ಹೆಸರು ಅಳಿಸದೆ ಹಾಗೆಯೇ ಬಿಟ್ಟವರ ಕಂಪ್ಯೂಟರುಗಳಲ್ಲಿ ಡೌಡ್ ಇನ್ನೂ ಸಾನ್ ಫ್ರಾನ್ಸಿಸ್ಕೋ ಉಡುಪಿನಲ್ಲಿ ಬಂದು ದಾಂಡು ಹಿಡಿದು ನಿಲ್ಲುತ್ತಾನೆ.